ನದಿಯೇ ಬೀದಿಯಾಗಿದ್ದ ಬೊಬಾಂಗಿಗಳು

ಕಹಿ ಮರಗೆಣಸನ್ನು ಕಿತ್ತ ಹಾಗೇ ತಿಂದರೆ ವಿಷ. ಕಾಂಗೊ ನದಿಯ ದಂಡೆಯ ಹೆಂಗಸರಿಗೆ ಇದು ತಲೆಮಾರುಗಳಿಂದ ಗೊತ್ತು. ಅವರು ಗೆಡ್ಡೆಗಳನ್ನು ಮೂರು ನಾಲ್ಕು ದಿನ ನೀರಿನಲ್ಲಿ ನೆನೆಹಾಕುತ್ತಾರೆ. ಗೆಡ್ಡೆ ಹುಳಿಬಂದು ಮೆತ್ತಗಾಗುತ್ತದೆ, ಸಯನೈಡ್ ಅಂಶ ನೀರಿನ ಪಾಲಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ನಾರು ಬಿಡಿಸಿ, ಕುಟ್ಟಿ, ನಾದಿ, ಅರೆಬೇಯಿಸಿ, ಮತ್ತೆ ನಾದಿ, ಅಗಲವಾದ ಕಾಡೆಲೆಯಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಸಿಗುವುದು ಅಂಟಂಟಾದ, ಹುಳಿ ವಾಸನೆಯ, ಗಟ್ಟಿ ಮುದ್ದೆ. ಹೆಸರು ಕ್ವಾಂಗಾ. ಎಲೆ ಬಿಚ್ಚದೆ ಇಟ್ಟರೆ ವಾರ ಕಳೆದರೂ ಕೆಡುವುದಿಲ್ಲ. ಹೊಸಬರಿಗೆ ರುಚಿ ಹತ್ತುವುದು ಕಷ್ಟ. ಆದರೆ ದಿನಗಟ್ಟಲೆ ಹುಟ್ಟು ಹಾಕುವ ದೋಣಿಯವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇರಲಿಲ್ಲ.

ಈ ಬುತ್ತಿಯನ್ನು ಕಟ್ಟಿಕೊಂಡು ಮಧ್ಯ ಆಫ್ರಿಕದ ಒಂದು ಮೀನುಗಾರ ಸಮುದಾಯ ನೂರಾರು ಮೈಲಿ ಉದ್ದದ ನದಿವ್ಯಾಪಾರವನ್ನು ಕೈವಶ ಮಾಡಿಕೊಂಡಿತು. ಅವರೇ ಬೊಬಾಂಗಿಗಳು. ಅವರಿಗೆ ಸೈನ್ಯ ಇರಲಿಲ್ಲ, ಎಲ್ಲರ ಮೇಲೊಬ್ಬ ರಾಜನೂ ಇರಲಿಲ್ಲ. ಇದ್ದದ್ದು ದೋಣಿ, ಸಾಲ, ನೆಂಟಸ್ತಿಕೆ ಮತ್ತು ವ್ಯಾಪಾರದ ಚಾಣಾಕ್ಷತನ. ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡಬೇಕು: ಅವರ ಸಂಪತ್ತಿನ ದೊಡ್ಡ ಪಾಲು ಮನುಷ್ಯರನ್ನು ಮಾರಿ ಬಂದದ್ದು.

ಕಾಂಗೊ ನದಿ ಸುಮಾರು 4,700 ಕಿ.ಮೀ. ಹರಿಯುತ್ತದೆ, ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ. ರೇಖೆಯ ಒಂದು ಮಗ್ಗುಲಲ್ಲಿ ಮಳೆ ನಿಂತಾಗ ಇನ್ನೊಂದು ಮಗ್ಗುಲಲ್ಲಿ ಮಳೆಗಾಲ. ಹಾಗಾಗಿ ನದಿ ಎಂದೂ ಬತ್ತುವುದಿಲ್ಲ. ನೀರಿನ ಪ್ರಮಾಣದಲ್ಲಿ ಅಮೆಜಾನ್ ಬಿಟ್ಟರೆ ಇದೇ ದೊಡ್ಡದು. ಉತ್ತರದಿಂದ ಬರುವ ಉಬಾಂಗಿ ನದಿ ಕಾಂಗೊವನ್ನು ಸೇರುವ ಆಸುಪಾಸಿನಲ್ಲಿ ನೆಲ ಯಾವುದು, ನೀರು ಯಾವುದು ಎಂದು ಹೇಳುವುದು ಕಷ್ಟ. ಮರಗಳು ನೀರಿನಲ್ಲೇ ನಿಂತಿರುತ್ತವೆ. ಕಾಡಿನ ನಡುವೆ ದೋಣಿ ಹೋಗುವ ಓಣಿಗಳು, ಓಣಿಗಳ ಕೊನೆಯಲ್ಲಿ ಮಡುಗಳು, ಅಲ್ಲಲ್ಲಿ ಒಂದಿಷ್ಟು ಎತ್ತರದ ದಿಬ್ಬ. ಬೊಬಾಂಗಿಗಳ ಹಿರಿಯರು ಹೇಳಿಕೊಂಡು ಬಂದ ಕಥೆಗಳ ಪ್ರಕಾರ ಅವರ ಮೂಲ ಇರುವುದು ಇಲ್ಲೇ, ಉಬಾಂಗಿಯ ಕೆಳದಂಡೆಯಲ್ಲಿ.

ಇಂಥ ಜಾಗದಲ್ಲಿ ಬೇಸಾಯ ಆಗದು. ಮೀನು ಮಾತ್ರ ಯಥೇಚ್ಛ. ಆದರೆ ಮೀನು ಹಿಡಿಯಲು ನದಿಯ ಪಂಚಾಂಗ ತಿಳಿದಿರಬೇಕು. ನವೆಂಬರ್, ಡಿಸೆಂಬರ್ ಹೊತ್ತಿಗೆ ನೆರೆ ಏರಿ ಕಾಡಿನೊಳಗೆ ನುಗ್ಗುತ್ತದೆ. ಅದರ ಜೊತೆ ಮೀನೂ ನುಗ್ಗುತ್ತದೆ. ಉದುರಿದ ಹಣ್ಣು, ಹುಳಹುಪ್ಪಟೆ ತಿಂದು ಕೊಬ್ಬಿ, ಮರದ ಬೇರುಗಳ ನಡುವೆ ಮರಿಮಾಡುತ್ತದೆ. ಆಗ ಬಲೆ ಬೀಸಿದರೆ ಕೈಗೆ ಏನೂ ಹತ್ತುವುದಿಲ್ಲ. ನೀರು ಇಳಿಯತೊಡಗಿದಾಗ ಜನ ಎಚ್ಚರಗೊಳ್ಳುತ್ತಾರೆ. ಕಾಡಿನಿಂದ ನದಿಗೆ ನೀರು ಮರಳುವ ಪ್ರತಿ ಕಂಡಿಗೂ ಬಿದಿರುಬೆತ್ತದಂಥ ಕಡ್ಡಿಗಳ ತಡಿಕೆ ಕಟ್ಟಿ, ನಡುನಡುವೆ ಕೂಳಿ ಇಡುತ್ತಾರೆ. ಕೂಳಿಯ ಬಾಯಿ ಅಗಲ, ಒಳಗೆ ಹೋದಂತೆ ಕಿರಿದು. ಹೊಕ್ಕ ಮೀನಿಗೆ ಹಿಂತಿರುಗುವ ದಾರಿ ಇರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ನೀರು ತೀರಾ ಇಳಿದಾಗ ಹೆಂಗಸರು ಮಡುಗಳಿಗೆ ಇಳಿದು, ಮಣ್ಣಿನ ಕಟ್ಟೆ ಹಾಕಿ, ಬುಟ್ಟಿಯಿಂದ ನೀರು ಮೊಗೆದು ಚೆಲ್ಲಿ, ಕೆಸರಿನಲ್ಲಿ ಉಳಿದ ಮೀನನ್ನು ಕೈಯಿಂದಲೇ ಹೆಕ್ಕುತ್ತಾರೆ. ಹೀಗೆ ಸಿಗುವುದರಲ್ಲಿ ಎಂಗೊಲೊ ಎಂಬ ಮೀಸೆಮೀನು ಮುಖ್ಯ. ಇದರ ಹತ್ತಿರದ ಬಂಧು ನಮಗೂ ಗೊತ್ತು: ಸಾಕಣೆಗೆ ನಿಷೇಧವಿದ್ದರೂ ಬೆಂಗಳೂರಿನ ಸುತ್ತಮುತ್ತ ಕದ್ದುಮುಚ್ಚಿ ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್. ಬಂದಲ್ಲೆಲ್ಲ ಬೇರೆ ಮೀನುಗಳನ್ನು ನುಂಗುವ ಈ ಪ್ರಾಣಿ ತನ್ನ ತವರಿನಲ್ಲಿ ಮಾತ್ರ ಮರ್ಯಾದಸ್ಥ ಆಹಾರ.

ಕಟ್ಟೆ, ಮಡುಗಳಿಗೆ ಒಡೆಯರಿದ್ದರು. ಅಪ್ಪ ಅಜ್ಜ ಕಟ್ಟಿದ ಕಟ್ಟೆ ಹಿರಿಯರ ಮನೆಗೆ ಸೇರಿದ್ದು. ಮೀನು ಹಿಡಿಯಲು ಬರುವ ಉಳಿದವರು ಪಾಲು ಕೊಡಬೇಕು. ನೀರಿಗೂ ಪಹಣಿ ಇದ್ದ ಸೀಮೆ ಅದು. ಒಡೆತನ ಸಿಗದ ಕಿರಿಯರು ದೋಣಿ ಏರಿ ಕೆಳಗಿನ ಊರುಗಳತ್ತ ಹೊರಟರು. ಕಾಂಗೊ ದಂಡೆಯ ಬೊಲೊಬೊ ಊರಿನ ಉತ್ತರಕ್ಕಿರುವ ಜೌಗಿನಲ್ಲಿ ಬೊಬಾಂಗಿ ನುಡಿಯ ಬಳಗದವರೇ ಆದ ನುನು ಜನ ಹೀಗೆ ಕಟ್ಟೆಯಿಂದ ಕಟ್ಟೆಗೆ ಹರಡಿದ ಕಥೆಯನ್ನು ಅಮೆರಿಕದ ಚರಿತ್ರಕಾರ ರಾಬರ್ಟ್ ಹಾರ್ಮ್ಸ್ 1987ರ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಬೊಬಾಂಗಿ ವ್ಯಾಪಾರದ ಬಗ್ಗೆ 1981ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕ ಇವತ್ತಿಗೂ ಈ ವಿಷಯದ ಮುಖ್ಯ ಆಕರ.

ಬರೀ ಮೀನು ತಿಂದು ಬದುಕಲಾಗದು. ಜೌಗಿನವರ ಬಳಿ ಒಣಮೀನು ಹೆಚ್ಚು, ಒಣನೆಲದವರ ಬಳಿ ಗೆಡ್ಡೆ ಹೆಚ್ಚು. ಅದಲುಬದಲು ಅನಿವಾರ್ಯ. ಹೊಗೆಯ ಮೇಲೆ ಒಣಗಿಸಿದ ಮೀನಿನ ಬುಟ್ಟಿ ಕೊಟ್ಟು ಕ್ವಾಂಗಾ ತರುವ ಈ ಚಿಕ್ಕ ವಹಿವಾಟಿನಲ್ಲೇ ಮುಂದಿನ ದೊಡ್ಡ ವ್ಯಾಪಾರದ ಬೇರಿದೆ. ಮರಗೆಣಸು ಆಫ್ರಿಕದ್ದಲ್ಲ. ಅದನ್ನು ಅಮೆರಿಕ ಖಂಡದಿಂದ ಪೋರ್ಚುಗೀಸರು ತಂದರು. ಅಟ್ಲಾಂಟಿಕ್ ಕರಾವಳಿಯಿಂದ ಅದು ಒಳನಾಡಿಗೆ ಹಬ್ಬಿತು. ಅದೇ ಕರಾವಳಿ ಒಳನಾಡಿನಿಂದ ಕೇಳಿದ್ದು ಗುಲಾಮರನ್ನು.

ನದಿಯ ಭೂಗೋಳ ಬೊಬಾಂಗಿಗಳಿಗೆ ಒಲಿದಿತ್ತು. ಈಗ ಕಿನ್ಶಾಸಾ ಮತ್ತು ಬ್ರಾಝಾವಿಲ್ ನಗರಗಳು ಎದುರುಬದುರು ನಿಂತಿರುವ ಜಾಗದಲ್ಲಿ ಕಾಂಗೊ ಸರೋವರದಂತೆ ಅಗಲವಾಗುತ್ತದೆ. ಅದಕ್ಕೆ ಮಲೆಬೊ ಎಂದು ಹೆಸರು. ಅಲ್ಲಿಂದ ಮೇಲಕ್ಕೆ, ಕಿಸಂಗಾನಿಯವರೆಗೆ 1,700 ಕಿ.ಮೀ. ದೋಣಿಗೆ ಅಡ್ಡಿಯಿಲ್ಲ. ಕೆಳಕ್ಕೆ ಮಾತ್ರ ಒಂದರ ಹಿಂದೊಂದು ಅಬ್ಬರದ ಜಲಪಾತಗಳು. ಮುನ್ನೂರು ಕಿ.ಮೀ.ಗೂ ಹೆಚ್ಚು ದೂರ ಸರಕನ್ನು ತಲೆಹೊರೆಯಲ್ಲೇ ಸಾಗಿಸಬೇಕು. ಮಲೆಬೊದ ದಂಡೆಯಲ್ಲಿ ತೆಕೆ ಜನ ಕುಳಿತಿದ್ದರು. ಕರಾವಳಿಯಿಂದ ಬಂದ ಬಟ್ಟೆ, ಬಂದೂಕು, ಹಿತ್ತಾಳೆಯನ್ನು ಕೊಂಡು ಬೊಬಾಂಗಿಗಳಿಗೆ ಮಾರುವುದು, ಬೊಬಾಂಗಿಗಳು ಮೇಲಿನಿಂದ ತಂದ ಗುಲಾಮರನ್ನೂ ದಂತವನ್ನೂ ಕೊಂಡು ಕೆಳಗೆ ಕಳಿಸುವುದು ಅವರ ಕೆಲಸ. ಬೊಬಾಂಗಿ ಮಲೆಬೊ ದಾಟಿ ಕೆಳಗೆ ಹೋಗುವಂತಿಲ್ಲ, ತೆಕೆ ಮೇಲೆ ಬರುವಂತಿಲ್ಲ. ಇಬ್ಬರೂ ಇಷ್ಟು ಒಪ್ಪಿಕೊಂಡಿದ್ದರು, ಆಗಾಗ ಜಗಳವಾದರೂ ಮುರಿಯಲಿಲ್ಲ. ಎರಡು ಕಡೆಯ ದಲ್ಲಾಳಿಗಳೂ ಬದುಕಿಕೊಳ್ಳುವ ಏರ್ಪಾಡು ಅದು.

ಹದಿನೆಂಟನೆಯ ಶತಮಾನದಲ್ಲಿ ಲೊವಾಂಗೊ ಕರಾವಳಿಯ ಬಂದರುಗಳಲ್ಲಿ ಹಡಗು ಹತ್ತಿದ ಗುಲಾಮರಲ್ಲಿ ಅನೇಕರು ಈ ನದಿಯ ಮೇಲೇ ಇಳಿದುಬಂದವರು. ಒಬ್ಬ ಮನುಷ್ಯ ಸಾಲಕ್ಕೋ, ಮಾಟದ ಆರೋಪಕ್ಕೋ, ಊರೂರ ಜಗಳದಲ್ಲಿ ಸೆರೆಯಾಗಿಯೋ ಮೊದಲ ಸಲ ಕೈಬದಲಾಗುತ್ತಿದ್ದ. ಅಲ್ಲಿಂದ ಮುಂದೆ ಹಲವು ಮಾಲೀಕರ ಕೈದಾಟಿ, ಹಲವು ಭಾಷೆಗಳ ಸೀಮೆ ದಾಟಿ ಸಮುದ್ರ ಕಾಣುತ್ತಿದ್ದ. ನಡುದಾರಿಯ ದೋಣಿ ಬೊಬಾಂಗಿಯವನದು.

ಬೊಬಾಂಗಿ ವ್ಯಾಪಾರಿಯ ಮನೆ ಎಂದರೆ ಒಂದು ಕಂಪನಿಯೇ. ಯಜಮಾನ, ಅವನ ಹೆಂಡಿರು, ನೆಂಟರು, ಅವರೆಲ್ಲರಿಗಿಂತ ಹೆಚ್ಚಾಗಿ ಕೊಂಡು ತಂದ ಆಳುಗಳು. ತಂದವರನ್ನೆಲ್ಲ ಮುಂದಕ್ಕೆ ಮಾರುತ್ತಿರಲಿಲ್ಲ. ಚುರುಕಾದ ಹುಡುಗರನ್ನು ಉಳಿಸಿಕೊಂಡು ಹುಟ್ಟು ಹಾಕಲು, ದೋಣಿ ನಡೆಸಲು, ಚೌಕಾಸಿ ಮಾಡಲು ಕಲಿಸುತ್ತಿದ್ದರು. ನಂಬಿಕಸ್ಥನಾದ ಆಳಿಗೆ ಸ್ವಂತ ವ್ಯಾಪಾರಕ್ಕೆ ಬಂಡವಾಳ ಸಿಗುತ್ತಿತ್ತು. ಗುಲಾಮನಾಗಿ ಬಂದವನು ಯಜಮಾನನ ಪಟ್ಟಕ್ಕೇರಿದ ಉದಾಹರಣೆಗಳೂ ಉಂಟು. ಇದನ್ನು ಓದಿ ಆ ಗುಲಾಮಗಿರಿ ಸೌಮ್ಯವಾಗಿತ್ತು ಎಂದುಕೊಂಡರೆ ತಪ್ಪು. ಯಜಮಾನ ಸತ್ತಾಗ ಅವನ ಜೊತೆಗೆಂದು ಆಳುಗಳನ್ನು ಕೊಲ್ಲುತ್ತಿದ್ದುದನ್ನು ಮೊದಲು ಬಂದ ಪಾದ್ರಿಗಳು ಬೊಲೊಬೊದಲ್ಲೇ ದಾಖಲಿಸಿದ್ದಾರೆ. ಊರಲ್ಲಿ ಮಕ್ಕಳೇ ಕಡಿಮೆ ಎಂಬುದೂ ಅವರ ಕಣ್ಣಿಗೆ ಬಿದ್ದಿತ್ತು. ಜನಸಂಖ್ಯೆ ಉಳಿದದ್ದು ಹೆರಿಗೆಯಿಂದಲ್ಲ, ಖರೀದಿಯಿಂದ.

ಹಣವಂತರ ಬಗ್ಗೆ ಬೊಬಾಂಗಿಗಳಿಗೇ ಭಯವಿತ್ತು. ಒಬ್ಬ ದಿಢೀರನೆ ಸಿರಿವಂತನಾದರೆ ಅವನು ಮಾಟಕ್ಕೆ ತನ್ನ ನೆಂಟರ ಜೀವವನ್ನೇ ಕೊಟ್ಟು ಅದನ್ನು ಪಡೆದ ಎಂದು ನಂಬುತ್ತಿದ್ದರು. ಲೋಕದಲ್ಲಿ ಸಂಪತ್ತು ಇರುವುದೇ ಇಷ್ಟು, ಒಬ್ಬನಿಗೆ ಹೆಚ್ಚು ಬಂದರೆ ಇನ್ನೊಬ್ಬನಿಗೆ ಕಡಿಮೆಯಾಗಲೇಬೇಕು ಎಂಬ ಲೆಕ್ಕ ಅದರ ಹಿಂದಿತ್ತು ಎನ್ನುತ್ತಾರೆ ಹಾರ್ಮ್ಸ್. ಮನುಷ್ಯರನ್ನೇ ಸರಕು ಮಾಡಿದ ವ್ಯಾಪಾರದ ನಡುವೆ ಬದುಕಿದವರಿಗೆ ಆ ಲೆಕ್ಕ ಮೂಢನಂಬಿಕೆಯಾಗಿ ಕಂಡಿರಲಾರದು.

ಹತ್ತೊಂಬತ್ತನೆಯ ಶತಮಾನದ ನಡುವಿನ ನಂತರ ಅಟ್ಲಾಂಟಿಕ್ ಆಚೆಗಿನ ಗುಲಾಮರ ಸಾಗಣೆ ನಿಂತಿತು. ಅದರ ಜಾಗಕ್ಕೆ ಆನೆದಂತ ಬಂತು. ಯುರೋಪು, ಅಮೆರಿಕದ ಮನೆಗಳಿಗೆ ಪಿಯಾನೊ ಕೀಲಿ ಬೇಕಿತ್ತು, ಕ್ಲಬ್ಬುಗಳಿಗೆ ಬಿಲಿಯರ್ಡ್ಸ್ ಚೆಂಡು ಬೇಕಿತ್ತು. ಬೊಲೊಬೊ, ಚುಂಬಿರಿ, ಲುಕೊಲೆಲಾ, ಬೊಂಗಾ ಮೊದಲಾದ ದಂಡೆಯ ಊರುಗಳು ಕೊಬ್ಬಿದ್ದು ಆಗಲೇ. ದೊಡ್ಡ ದೋಣಿಗೆ ಐವತ್ತು ಜನ ಹುಟ್ಟು ಹಾಕುತ್ತಿದ್ದರು. ದಂತದ ಜೊತೆಗೆ ಮೈಗೆ ಬಳಿಯುವ ಕೆಂಪು ಮರದ ಪುಡಿ, ಮಡಕೆ, ಒಣಮೀನು, ಉಪ್ಪು, ಕಬ್ಬಿಣ ಎಲ್ಲವೂ ಅದರಲ್ಲಿರುತ್ತಿದ್ದವು. ನಾಣ್ಯದ ಬದಲು ಮಿಟಾಕೊ ಎಂಬ ಹಿತ್ತಾಳೆ ಕಂಬಿ ಚಲಾವಣೆಯಲ್ಲಿತ್ತು. ಕಂಬಿ ಕೈಯಿಂದ ಕೈಗೆ ಹೋಗುವಾಗ ತುದಿ ಕತ್ತರಿಸಿಕೊಳ್ಳುವವರು ಇದ್ದೇ ಇದ್ದರು. ವರ್ಷ ಕಳೆದಂತೆ ಅದು ಗಿಡ್ಡವಾಗುತ್ತ ಹೋಯಿತು. ಹಣದುಬ್ಬರ ಅಲ್ಲಿ ಕಣ್ಣಿಗೇ ಕಾಣುತ್ತಿತ್ತು, ಅಳತೆಕೋಲಿನಿಂದ ಅಳೆಯಬಹುದಿತ್ತು.

1877ರಲ್ಲಿ ಅನ್ವೇಷಕ ಹೆನ್ರಿ ಸ್ಟಾನ್ಲಿ ಕಾಂಗೊ ಹಿಡಿದು ಇಳಿದುಬಂದಾಗ ಚುಂಬಿರಿಯಲ್ಲಿ ತಂಗಿದ. ಮೇಲಿನ ಊರುಗಳವರೊಡನೆ ಗುಂಡು ಹಾರಿಸಿ ಕಾದಾಡಿ ಬಂದವನಿಗೆ ಇಲ್ಲಿ ನಗುಮುಖದ ಸ್ವಾಗತ ಸಿಕ್ಕಿತು. ಮುಖಂಡನ ಹೆಂಡಿರ ಕೊರಳಲ್ಲಿ ಕಡಗದಂತೆ ಬೆಸೆದ ಭಾರೀ ಹಿತ್ತಾಳೆ ಪಟ್ಟಿಗಳಿದ್ದವು. ಸ್ಟಾನ್ಲಿ ಅವುಗಳ ತೂಕವನ್ನೇ ಲೆಕ್ಕ ಹಾಕುತ್ತ ಕುಳಿತ. ಮುಖಂಡ ಬೆಂಗಾವಲಿಗೆಂದು ಸಾಮಾನು ಪಡೆದು ದೋಣಿ ಕಳಿಸಿದ, ಆ ದೋಣಿಗಳು ದಾರಿಯಲ್ಲೇ ಹಿಂದುಳಿದವು. ಸ್ಟಾನ್ಲಿ ತನ್ನ ಪುಸ್ತಕದಲ್ಲಿ ಅವನನ್ನು ಚೆನ್ನಾಗಿ ಬೈದಿದ್ದಾನೆ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಗಿರಾಕಿ ಮತ್ತೆ ಬರುವವನಲ್ಲ, ಬಂದಷ್ಟು ಲಾಭ.

ಗಿರಾಕಿ ಮತ್ತೆ ಬಂದ. ಈ ಸಲ ಬೆಲ್ಜಿಯಂ ದೊರೆ ಲಿಯೊಪೋಲ್ಡನ ದುಡ್ಡಿನಲ್ಲಿ, ಬಿಡಿಭಾಗಗಳಾಗಿ ಹೊತ್ತು ತಂದ ಉಗಿದೋಣಿಯೊಂದಿಗೆ. ಅಷ್ಟರಲ್ಲಿ, 1880ರಲ್ಲೇ, ಫ್ರಾನ್ಸಿನ ಪರವಾಗಿ ಪಿಯರ್ ದ ಬ್ರಾಝಾ ತೆಕೆಗಳ ಅರಸ ಮಕೊಕೊನೊಡನೆ ಒಪ್ಪಂದ ಮಾಡಿಕೊಂಡಾಗಿತ್ತು. 1882ರಲ್ಲಿ ಸ್ಟಾನ್ಲಿಯ ಜನ ಬೊಲೊಬೊದಲ್ಲಿ ಠಾಣೆ ಹಾಕಿದರು. 1884ರಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನ್ನಿನ ‘ಪೀಸ್’ ಎಂಬ ಉಗಿದೋಣಿಯನ್ನು ನೂರಾರು ಹೊರೆಗಳಾಗಿ ಜಲಪಾತಗಳನ್ನು ದಾಟಿಸಿ ಮಲೆಬೊದಲ್ಲಿ ಜೋಡಿಸಿದರು. ಪಾದ್ರಿ ಜಾರ್ಜ್ ಗ್ರೆನ್‌ಫೆಲ್ ಅದರಲ್ಲಿ ಉಬಾಂಗಿಯ ನಕ್ಷೆ ಬರೆದರು.

ಬೊಬಾಂಗಿಗಳಿಗೆ ಏಟು ಬಿದ್ದದ್ದು ಎರಡು ಕಡೆಯಿಂದ. ಉಗಿದೋಣಿ ಅವರ ದೋಣಿಗಳ ವೇಗವನ್ನೂ ದಲ್ಲಾಳಿತನವನ್ನೂ ನಿರರ್ಥಕ ಮಾಡಿತು. ಅದನ್ನಾದರೂ ಸಹಿಸಬಹುದಿತ್ತು. ವ್ಯಾಪಾರಿಗಳು ಹೊಸ ಗಿರಾಕಿಗೆ ಹೊಂದಿಕೊಳ್ಳಬಲ್ಲರು. ಆದರೆ 1891ರಲ್ಲಿ ಲಿಯೊಪೋಲ್ಡ್ ಕಾಂಗೊದಲ್ಲಿ ಕಟ್ಟಿದ ‘ಸ್ವತಂತ್ರ ರಾಜ್ಯ’ ದಂತವನ್ನೂ ರಬ್ಬರನ್ನೂ ಸರಕಾರದ ಸ್ವತ್ತು ಎಂದು ಆಜ್ಞೆ ಹೊರಡಿಸಿತು. ನಿನ್ನೆಯವರೆಗೆ ವ್ಯಾಪಾರವಾಗಿದ್ದದ್ದು ಇಂದು ಕಳ್ಳತನವಾಯಿತು. ದಂಡೆಯ ಊರುಗಳಿಂದ ಕೇಳತೊಡಗಿದ್ದು ಉಗಿದೋಣಿಗೆ ಸೌದೆ, ಠಾಣೆಗೆ ಮೀನು, ಸಿಪಾಯಿಗಳಿಗೆ ಕ್ವಾಂಗಾ. ಕ್ವಾಂಗಾವೇ ತೆರಿಗೆ. ನೆಟ್ಟು, ಕಿತ್ತು, ನೆನೆಹಾಕಿ, ನಾದಿ, ಸುತ್ತಿ, ಬೇಯಿಸಿ, ಮೈಲಿಗಟ್ಟಲೆ ಹೊತ್ತೊಯ್ದು ಗಡುವಿಗೆ ಸರಿಯಾಗಿ ಒಪ್ಪಿಸಬೇಕು. ಕಡಿಮೆ ಬಿದ್ದರೆ ಒತ್ತೆಸೆರೆ, ಚಾವಟಿ. ಈ ತೆರಿಗೆಯ ಭಾರವೆಲ್ಲ ಹೆಂಗಸರ ಮೇಲೆ ಬಿತ್ತು.

ಬ್ರಿಟನ್ನಿನ ಕಾನ್ಸಲ್ ರೋಜರ್ ಕೇಸ್‌ಮೆಂಟ್ 1887ರಲ್ಲಿ ಈ ದಂಡೆಯನ್ನು ಕಂಡಿದ್ದ. 1903ರಲ್ಲಿ ವಿಚಾರಣೆಗೆಂದು ಮತ್ತೆ ಬಂದಾಗ ತಾನು ಕಂಡಿದ್ದ ಊರುಗಳನ್ನು ಹುಡುಕಬೇಕಾಯಿತು. ಲುಕೊಲೆಲಾದಲ್ಲಿ 5,000 ಜನ ಇದ್ದಲ್ಲಿ 600ಕ್ಕಿಂತ ಕಡಿಮೆ. ಬೊಲೊಬೊದಲ್ಲಿ ಮೊದಲು 40,000 ಇದ್ದರೆಂದೂ ಈಗ ಏಳೆಂಟು ಸಾವಿರ ಮಾತ್ರ ಎಂದೂ ಬರೆದ. ಮೊದಲಿನ ಅಂದಾಜು ಉಬ್ಬಿದ್ದಿರಬಹುದು. ಎಲ್ಲರೂ ಸತ್ತವರೂ ಅಲ್ಲ. ನಿದ್ರಾರೋಗದ ಪಿಡುಗು ಅನೇಕರನ್ನು ಕೊಂದಿತ್ತು, ಅದನ್ನು ಕೇಸ್‌ಮೆಂಟ್ ಮುಚ್ಚಿಡಲಿಲ್ಲ. ಉಳಿದ ಅನೇಕರು ರಾತ್ರೋರಾತ್ರಿ ದೋಣಿ ಹತ್ತಿ ಎದುರುದಂಡೆಗೆ ಹೋಗಿಬಿಟ್ಟಿದ್ದರು.

ಎದುರುದಂಡೆ ಆಗ ಪರದೇಶ. 1885ರಲ್ಲಿ ಬರ್ಲಿನ್ ಸಮ್ಮೇಳನದ ಹೊತ್ತಿಗೆ ಕಾಂಗೊ ನದಿಯನ್ನೂ, 1887ರ ಒಪ್ಪಂದದಲ್ಲಿ ಉಬಾಂಗಿಯನ್ನೂ ಫ್ರಾನ್ಸ್ ಮತ್ತು ಲಿಯೊಪೋಲ್ಡ್ ಗಡಿ ಮಾಡಿಕೊಂಡಿದ್ದರು. ಬೊಬಾಂಗಿಗಳಿಗೆ ಎರಡೂ ದಂಡೆ ಒಂದೇ ಬೀದಿಯ ಎರಡು ಸಾಲು ಮನೆಗಳು. ಒಂದು ಕಡೆ ಮದುವೆ, ಇನ್ನೊಂದು ಕಡೆ ಮಾರುಕಟ್ಟೆ. ಓಡಿಹೋದವರಿಗೆ ಅಲ್ಲೂ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. 1899ರಲ್ಲಿ ಫ್ರಾನ್ಸ್ ತನ್ನ ಕಾಂಗೊವನ್ನು 40 ಖಾಸಗಿ ಕಂಪನಿಗಳಿಗೆ ಹಂಚಿಕೊಟ್ಟಿತು. ಯಜಮಾನ ಬದಲಾದ, ಬೇಡಿಕೆ ಬದಲಾಗಲಿಲ್ಲ.

ವ್ಯಾಪಾರ ಹೋಯಿತು, ವ್ಯಾಪಾರದ ನುಡಿ ಉಳಿಯಿತು. ನದಿಯುದ್ದಕ್ಕೂ ಬೊಬಾಂಗಿ ತಿಳಿದವನು ಎಲ್ಲಿಯೂ ವ್ಯವಹರಿಸಬಹುದಿತ್ತು. ಬೆಲ್ಜಿಯನ್ ಅಧಿಕಾರಿಗಳೂ ಅವರ ಸಿಪಾಯಿಗಳೂ ಕೂಲಿಗಳೂ ಅದನ್ನೇ ಮುರಿದು, ಸರಳಮಾಡಿ ಬಳಸತೊಡಗಿದರು. 1884ರಲ್ಲಿ ಹುಟ್ಟಿದ ಬಂಗಾಲಾ ಠಾಣೆಯಲ್ಲಿ ಅದು ಬೇರೂರಿತು. ಬೊಬಾಂಗಿಯ ವ್ಯಾಕರಣ ಮತ್ತು ನಿಘಂಟನ್ನು ಪಾದ್ರಿ ಜಾನ್ ವೈಟ್‌ಹೆಡ್ 1899ರಲ್ಲಿ ಪ್ರಕಟಿಸಿದರು. ಅತ್ತ ಠಾಣೆಯ ಕಲಬೆರಕೆ ನುಡಿಯನ್ನು ಕ್ಯಾಥೊಲಿಕ್ ಪಾದ್ರಿಗಳು ತಿದ್ದಿ ತೀಡಿ ಶಾಲೆಗೆ ತಂದರು. ಅದೇ ಲಿಂಗಾಲ. ಸೈನ್ಯದ ಭಾಷೆಯಾಗಿ, ಆಮೇಲೆ ಕಿನ್ಶಾಸಾದ ಭಾಷೆಯಾಗಿ, ಗಾಯಕ ಫ್ರಾಂಕೊ ಅವರಂಥವರ ಹಾಡುಗಳ ಭಾಷೆಯಾಗಿ ಅದು ಎರಡೂ ಕಾಂಗೊ ದೇಶಗಳಲ್ಲಿ ಕೋಟ್ಯಂತರ ಜನರ ನಾಲಿಗೆಯ ಮೇಲಿದೆ. ಲಿಂಗಾಲದಲ್ಲೇ ಹೆಚ್ಚಾಗಿ ಹಾಡುವ ಕಾಂಗೊ ರುಂಬಾವನ್ನು ಯುನೆಸ್ಕೊ 2021ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಡುವವರಲ್ಲಿ ಬೊಬಾಂಗಿಗಳ ಹೆಸರು ಕೇಳಿದವರು ಎಷ್ಟಿದ್ದಾರೋ.

ಇವತ್ತಿನ ಬೊಬಾಂಗಿಗಳು ಮತ್ತೆ ಮೀನುಗಾರರು. ಕಾಂಗೊ ಗಣರಾಜ್ಯದ ಕಡೆಯ ಮೊಸಾಕಾ ಪಟ್ಟಣ ಹೊಗೆಮೀನಿಗೆ ಹೆಸರುವಾಸಿ. ನೆರೆ ಬಂದಾಗ ಬೀದಿಗಳಲ್ಲಿ ದೋಣಿ ಓಡುವುದರಿಂದ ಅದನ್ನು ಕಾಂಗೊದ ವೆನಿಸ್ ಎನ್ನುತ್ತಾರೆ. ಇದು ಪ್ರವಾಸೋದ್ಯಮದವರ ಹೊಗಳಿಕೆ. ಮನೆಯೊಳಗೆ ಮೊಣಕಾಲುದ್ದ ನೀರಿರುವವರು ಹಾಗೆ ಹೊಗಳಲಾರರು. 2024ರ ಜನವರಿಯಲ್ಲಿ ಕಾಂಗೊ ನದಿ ಆರು ದಶಕಗಳಲ್ಲೇ ಅತಿ ಎತ್ತರಕ್ಕೆ ಏರಿತು. 1961ರ ದಾಖಲೆಗೆ ಕೂದಲೆಳೆಯಷ್ಟೇ ಬಾಕಿ ಇತ್ತು.

ಮೀನಿನ ಬಲೆಯ ಕಣ್ಣು ಈಗ ಸಣ್ಣದಾಗಿದೆ, ನೈಲಾನ್ ಬಲೆ ಮರಿಗಳನ್ನೂ ಬಿಡುವುದಿಲ್ಲ. ಅಂತರಗಂಗೆ ಕಳೆ 1950ರ ದಶಕದಿಂದ ನದಿಯನ್ನು ಆವರಿಸಿ ದೋಣಿಗಳ ದಾರಿ ಕಟ್ಟುತ್ತಿದೆ. ವಿಚಿತ್ರವೆಂದರೆ, ಇಷ್ಟು ದೊಡ್ಡ ನದಿಯ ದಂಡೆಯಲ್ಲಿರುವ ಕಿನ್ಶಾಸಾದ ಬಡವರ ತಟ್ಟೆಗೆ ಬೀಳುವುದು ಹೆಚ್ಚಾಗಿ ಹಡಗಿನಲ್ಲಿ ಬಂದ ಮಂಜುಗಡ್ಡೆಯ ಸಮುದ್ರಮೀನು. ನದಿಯ ಮೀನು ಅದಕ್ಕಿಂತ ತುಟ್ಟಿ. ಮೇಲಿನ ಊರುಗಳಿಂದ ಅದನ್ನು ತರುವುದೇ ಸಾಹಸ. ಹಳೆಯ ಸರಕಾರಿ ಹಡಗುಗಳು ಕೆಟ್ಟು ನಿಂತ ಮೇಲೆ ಸಾಗಣೆ ಹೆಚ್ಚಾಗಿ ಮೋಟಾರು ಕೂರಿಸಿದ ಮರದ ದೋಣಿಗಳ ಪಾಲಾಗಿದೆ. ಮೂಟೆಗಳ ಮೇಲೆ ಜನ, ಜನರ ನಡುವೆ ಒಲೆ. 2025ರ ಏಪ್ರಿಲ್‌ನಲ್ಲಿ ಎಂಬಂಡಾಕಾ ಪಟ್ಟಣದ ಬಳಿ ಇಂಥದೊಂದು ದೋಣಿಗೆ ಬೆಂಕಿ ಬಿದ್ದು ಹತ್ತಾರು ಜನ ಸತ್ತರು.

ಇದೇ ಜೌಗುನೆಲ ಈಗ ವಿಜ್ಞಾನಿಗಳ ಬಾಯಲ್ಲಿದೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಾಂಗೊ ಕಣಿವೆಯ ನಡುವಿನ ಜೌಗುಕಾಡಿನ ಅಡಿಯಲ್ಲಿ 1,45,500 ಚದರ ಕಿ.ಮೀ. ಹರಡಿದ ಪೀಟ್ ಮಣ್ಣಿದೆ, ಅದರಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲ ಹೂತಿದೆ. ಕರ್ನಾಟಕದ ಮುಕ್ಕಾಲು ಭಾಗದಷ್ಟು ವಿಸ್ತೀರ್ಣ. ಅದು ನೆಂದಿರುವವರೆಗೆ ಇಂಗಾಲ ಅಲ್ಲೇ ಇರುತ್ತದೆ, ಒಣಗಿದರೆ ಗಾಳಿಗೆ ಸೇರುತ್ತದೆ. ಅಂತರರಾಷ್ಟ್ರೀಯ ಸಭೆಗಳಲ್ಲಿ ಈ ಜೌಗಿನ ಕಾವಲಿಗೆ ಬೆಲೆ ಕಟ್ಟುವ ಮಾತು ನಡೆಯುತ್ತಿದೆ. ಅಲ್ಲಿ ಕೂಳಿ ಇಡುವವರಿಗೆ ಆ ಹಣದಲ್ಲಿ ಎಷ್ಟು ತಲುಪಬೇಕು ಎಂಬ ಚರ್ಚೆಯೂ ಅಷ್ಟೇ ಗಟ್ಟಿಯಾಗಿ ಆಗಬೇಕು.

2018ರ ಡಿಸೆಂಬರ್‌ನಲ್ಲಿ ಬೊಲೊಬೊದಿಂದ ಸ್ವಲ್ಪ ಮೇಲಿರುವ ಯುಂಬಿ ಎಂಬ ಊರು ಸುದ್ದಿಯಾಯಿತು. ನುನು ಜನರ ಸಾಂಪ್ರದಾಯಿಕ ಮುಖಂಡನೊಬ್ಬನ ಶವಸಂಸ್ಕಾರ ಯಾರ ನೆಲದಲ್ಲಿ ಆಗಬೇಕು ಎಂಬ ತಕರಾರು ನೆರೆಯ ತೆಂಡೆ ಜನರೊಡನೆ ಹೊತ್ತಿಕೊಂಡಿತು. ನುನು ಹಿಂದೆ ದೋಣಿಯಲ್ಲಿ ಬಂದು ನೆಲೆಸಿದವರು, ತೆಂಡೆ ನೆಲದ ಒಡೆಯರು ತಾವು ಎನ್ನುವವರು. ಹಳೆಯ ಕಿಚ್ಚಿಗೆ ಚುನಾವಣೆಯ ಗಾಳಿ ಬೇರೆ. ಮೂರು ದಿನಗಳಲ್ಲಿ ಕನಿಷ್ಠ 535 ಜನ ಕೊಲೆಯಾದರು ಎಂದು ವಿಶ್ವಸಂಸ್ಥೆಯ ತನಿಖೆ ಹೇಳಿತು. ಸತ್ತವರಲ್ಲಿ ಬಹುಪಾಲು ನುನು ಜನ. ಬದುಕಿದವರು ಮಾಡಿದ್ದು ಅವರ ಮುತ್ತಜ್ಜಂದಿರು ಮಾಡಿದ್ದನ್ನೇ: ಸಿಕ್ಕ ದೋಣಿ ಹತ್ತಿ ಸುಮಾರು 16,000 ಜನ ಎದುರುದಂಡೆ ಸೇರಿದರು.

ಕಿನ್ಶಾಸಾ ಮತ್ತು ಬ್ರಾಝಾವಿಲ್ ಜಗತ್ತಿನಲ್ಲಿ ಅತಿ ಹತ್ತಿರವಿರುವ ರಾಜಧಾನಿಗಳ ಪೈಕಿ ಸೇರುತ್ತವೆ, ಒಂದರಿಂದ ಇನ್ನೊಂದರ ಕಟ್ಟಡಗಳು ಬರಿಗಣ್ಣಿಗೆ ಕಾಣುತ್ತವೆ. ನಡುವೆ ಸೇತುವೆ ಕಟ್ಟುವ ಯೋಜನೆ ವರ್ಷಗಳಿಂದ ಕಾಗದದಲ್ಲಿದೆ. ಸದ್ಯಕ್ಕೆ ದಾಟಬೇಕಾದವರು ಬಂದರಿನಲ್ಲಿ ಕಾಗದಪತ್ರ ತೋರಿಸಿ, ಶುಲ್ಕ ಕಟ್ಟಿ, ದೋಣಿಯಲ್ಲೇ ಹೋಗಬೇಕು.